ವೀಲ್ ನಟ್ ಒಂದು ಇಲ್ಲ, ಕಾರು ಓಡಿಸಬಹುದಾ? ಪದೇ ಪದೇ ಕೇಳುವ ಪ್ರಶ್ನೆಗಳು

ಚಕ್ರದ ನಟ್ ಒಂದು ಇಲ್ಲ ಅಂತ ಗೊತ್ತಾಗುವುದು ಯಾವಾಗಲೂ ಹೊರಡುವ ಗಡಿಬಿಡಿಯಲ್ಲೇ. ಬೆಳಿಗ್ಗೆ ಕೆಲಸಕ್ಕೆ ಹೊರಟಾಗ, ಇಲ್ಲವೇ ಮದುವೆಗೆ ಹೋಗುವ ದಾರಿಯಲ್ಲಿ ಟೀ ಕುಡಿಯಲು ನಿಲ್ಲಿಸಿದಾಗ. ಆಗ ಪಕ್ಕದಲ್ಲಿದ್ದ ಯಾರಾದರೂ "ಇನ್ನೂ ಮೂರು ಇದೆಯಲ್ಲ, ಏನೂ ಆಗಲ್ಲ, ನಡೀರಿ" ಅನ್ನುತ್ತಾರೆ. ನಡೆಯುವುದೂ ಉಂಟು, ನಡೆಯದೇ ಇರುವುದೂ ಉಂಟು. ಇವೆರಡರ ನಡುವಿನ ವ್ಯತ್ಯಾಸವನ್ನು ರಸ್ತೆ ಬದಿಯಲ್ಲಿ ನಿಂತು ಹೇಗೆ ತಿಳಿಯುವುದು ಅನ್ನುವುದಕ್ಕೇ ಈ ಬರಹ. ನೆಂಟರು, ಗೆಳೆಯರು ನನಗೆ ಫೋನ್ ಮಾಡಿ ಕೇಳಿದ ಪ್ರಶ್ನೆಗಳೇ ಇಲ್ಲಿವೆ.

ಮೊದಲು ಒಂದೇ ಮಾತಲ್ಲಿ ಹೇಳಿ, ಒಂದು ನಟ್ ಇಲ್ಲದೆ ಓಡಿಸಬಹುದಾ?

ಹತ್ತಿರದ ಮೆಕ್ಯಾನಿಕ್ ತನಕ ನಿಧಾನವಾಗಿ ಓಡಿಸಬಹುದು. ಅದೂ ಉಳಿದ ನಟ್‌ಗಳೆಲ್ಲ ಗಟ್ಟಿಯಾಗಿದ್ದರೆ, ಸ್ಟಡ್‌ಗಳು (ನಟ್ ಕೂರುವ ಉಕ್ಕಿನ ಕಡ್ಡಿಗಳು) ಸರಿಯಾಗಿದ್ದರೆ ಮಾತ್ರ. ಊರಿಗೆ, ಘಾಟಿಗೆ, ಹೆದ್ದಾರಿಗೆ ಬೇಡ.

ಫೋನ್ ಮಾಡಿದವರಿಗೆ ನಾನು ಮೊದಲು ಹೇಳುವುದು ಇಷ್ಟೇ. ಬಿದ್ದುಹೋದ ನಟ್ ಬಗ್ಗೆ ಆಮೇಲೆ ಯೋಚಿಸೋಣ, ಮೊದಲು ಉಳಿದವನ್ನು ಮುಟ್ಟಿ ನೋಡಿ. ಆ ಚಕ್ರದ ನಾಲ್ಕೂ ನಟ್‌ಗಳನ್ನು ಒಬ್ಬರೇ, ಒಂದೇ ದಿನ, ಒಂದೇ ಸ್ಪ್ಯಾನರ್‌ನಲ್ಲಿ ಬಿಗಿದಿರುತ್ತಾರೆ. ಅದರಲ್ಲಿ ಒಂದು ತಾನಾಗಿ ಬಿಚ್ಚಿಕೊಂಡು ಹೋಗಿದೆ ಅಂದರೆ ಉಳಿದ ಮೂರು ಬಿಗಿಯಾಗಿವೆ ಅಂತ ನಂಬಲು ಏನು ಆಧಾರ?

ನಾಲ್ಕರಲ್ಲಿ ಮೂರು ಇದ್ದರೆ ಸಾಲದಾ? ಕಾರಿನ ಭಾರ ತಡೆಯುವುದಿಲ್ಲವಾ?

ನಟ್‌ನ ಕೆಲಸ ಏನು ಅನ್ನುವುದರಲ್ಲೇ ತುಂಬ ಜನ ತಪ್ಪು ತಿಳಿದಿದ್ದಾರೆ. ಗೋಡೆಯ ಮೊಳೆಗೆ ಕ್ಯಾಲೆಂಡರ್ ನೇತುಹಾಕಿದ ಹಾಗೆ ಚಕ್ರ ಸ್ಟಡ್‌ಗಳ ಮೇಲೆ ನೇತಾಡುತ್ತಿರುವುದಿಲ್ಲ. ನಟ್ ಬಿಗಿದಾಗ ಸ್ಟಡ್ ಕೂದಲೆಳೆಯಷ್ಟು ಹಿಗ್ಗುತ್ತದೆ. ಹಿಗ್ಗಿದ್ದು ಮತ್ತೆ ಕುಗ್ಗಲು ನೋಡುತ್ತದೆ. ಆ ಎಳೆತಕ್ಕೆ ಚಕ್ರ ಹೋಗಿ, ಸ್ಟಡ್ ಹೊತ್ತು ತಿರುಗುವ ಲೋಹದ ಭಾಗವಾದ ಹಬ್‌ಗೆ ಒತ್ತಿಕೊಂಡು ಕೂರುತ್ತದೆ. ಚಕ್ರಕ್ಕೂ ಹಬ್‌ಗೂ ನಡುವಿನ ಆ ಹಿಡಿತ, ಆ ಉಜ್ಜುವಿಕೆಯೇ ಕಾರಿನ ಭಾರ, ಬ್ರೇಕಿನ ಹೊಡೆತ, ತಿರುವಿನ ತಳ್ಳಾಟ ಎಲ್ಲವನ್ನೂ ತಡೆಯುವುದು.

ಲೆಕ್ಕ ನೋಡಿ. ನಮ್ಮ ಬಹುತೇಕ ಕಾರುಗಳ ಸ್ಟಡ್ 12 ಮಿಲಿಮೀಟರ್ ದಪ್ಪ. ಅದಕ್ಕೆ 100 ನ್ಯೂಟನ್ ಮೀಟರ್ (ನಟ್ ತಿರುಗಿಸುವ ಬಲದ ಅಳತೆ) ಬಿಗಿ ಕೊಟ್ಟರೆ ಒಂದೊಂದು ಸ್ಟಡ್ ಸುಮಾರು 4 ಟನ್ ಬಲದಿಂದ ಚಕ್ರವನ್ನು ಒತ್ತಿ ಹಿಡಿಯುತ್ತದೆ. ನಾಲ್ಕು ಸೇರಿ 16 ಟನ್. ಒಂದು ಹೋದರೆ 12 ಉಳಿಯಿತು. "ಇಷ್ಟೊಂದಿದೆಯಲ್ಲ" ಅನ್ನಿಸುತ್ತದೆ, ಅಲ್ವಾ? ತೊಂದರೆ ಇರುವುದು ಮೊತ್ತದಲ್ಲಿ ಅಲ್ಲ. ನಟ್ ಇಲ್ಲದ ಜಾಗದಲ್ಲಿ ಹಿಡಿತವೇ ಇರುವುದಿಲ್ಲ. ಚಕ್ರ ಉರುಳುತ್ತಾ ಆ ಭಾಗ ಪ್ರತಿ ಸುತ್ತಿಗೂ ಒಂದಿಷ್ಟು ಬಾಯಿ ಬಿಡಲು ನೋಡುತ್ತದೆ. ಅದರ ಅಕ್ಕಪಕ್ಕದ ಎರಡು ಸ್ಟಡ್‌ಗಳು ಪ್ರತಿ ಸುತ್ತಿಗೂ ಬಾಗಿ ನೆಟ್ಟಗಾಗುತ್ತವೆ. ಸಣ್ಣ ಕಾರಿನ ಚಕ್ರ ಒಂದು ಕಿಲೋಮೀಟರಿಗೆ ಸುಮಾರು 550 ಸುತ್ತು ಹೊಡೆಯುತ್ತದೆ. 100 ಕಿಲೋಮೀಟರಿಗೆ 55 ಸಾವಿರ ಸುತ್ತು. ತಂತಿಯನ್ನು ಆಚೆ ಈಚೆ ಬಗ್ಗಿಸಿ ಬಗ್ಗಿಸಿ ಮುರಿಯುತ್ತೇವಲ್ಲ, ಅದೇ ಕೆಲಸ ಇಲ್ಲಿ ನಿಧಾನವಾಗಿ ಆಗುತ್ತಿರುತ್ತದೆ. ಹಾಗಾಗಿ "ನಿನ್ನೆ 50 ಕಿಲೋಮೀಟರ್ ಓಡಿಸಿದೆ, ಏನೂ ಆಗಲಿಲ್ಲ" ಅನ್ನುವ ಮಾತು ಇವತ್ತಿಗೆ ಧೈರ್ಯ ಕೊಡುವುದಿಲ್ಲ. ನಿನ್ನೆಯ ಸುತ್ತುಗಳೂ ಲೆಕ್ಕಕ್ಕೆ ಸೇರಿರುತ್ತವೆ.

ನನ್ನ ಕಾರಿಗೆ ಐದು ನಟ್. ನನಗೆ ಭಯ ಕಡಿಮೆಯಾ?

ಸ್ವಲ್ಪ ಕಡಿಮೆ. ಇನ್ನೋವಾದಂಥ ಐದು ನಟ್‌ನ ಗಾಡಿಯಲ್ಲಿ ಒಂದು ಹೋದರೆ ಹಿಡಿತ ಐದನೇ ಒಂದು ಭಾಗ ಕಡಿಮೆಯಾಗುತ್ತದೆ. ಫಾರ್ಚೂನರ್‌ನಲ್ಲಿ ಆರು, ಅಲ್ಲಿ ಆರನೇ ಒಂದು ಭಾಗ. ಆದರೆ ಆ ಗಾಡಿಗಳ ತೂಕವೂ ಜಾಸ್ತಿ, ಅವನ್ನು ಓಡಿಸುವ ವೇಗವೂ ಜಾಸ್ತಿ. ಟಾಟಾ ನ್ಯಾನೋ ಚಕ್ರಕ್ಕೆ ಇರುವುದೇ ಮೂರು ನಟ್. ಅದರಲ್ಲಿ ಒಂದು ಹೋದರೆ ಗಾಡಿ ಕದಲಿಸಲೇಬೇಡಿ.

ನಿಮ್ಮ ಲೆಕ್ಕದಲ್ಲಿ ಎಷ್ಟು ದೂರ, ಎಷ್ಟು ವೇಗ?

ಯಾವ ಕಂಪನಿಯ ಕೈಪಿಡಿಯೂ "ಒಂದು ನಟ್ ಇಲ್ಲದಿದ್ದರೆ ಇಷ್ಟು ದೂರ ಹೋಗಿ" ಅಂತ ಅಪ್ಪಣೆ ಕೊಡುವುದಿಲ್ಲ. ಇದು ನನ್ನ ಸ್ವಂತ ಅಳತೆ. ಬೇಕೆಂದೇ ಬಿಗಿಯಾಗಿ ಇಟ್ಟುಕೊಂಡಿದ್ದೇನೆ.

ನಾಲ್ಕರಲ್ಲಿ ಒಂದು ಇಲ್ಲ, ಉಳಿದ ಮೂರು ಗಟ್ಟಿ: 40ರ ಒಳಗಿನ ವೇಗ, ಹತ್ತು ಕಿಲೋಮೀಟರ್ ಒಳಗಿನ ಅಂಗಡಿ. ಗಾಡಿಯಲ್ಲಿ ನೀವೊಬ್ಬರೇ ಇರಿ, ಮನೆಯವರು ಆಟೋದಲ್ಲಿ ಬರಲಿ. ಐದರಲ್ಲಿ ಅಥವಾ ಆರರಲ್ಲಿ ಒಂದು ಇಲ್ಲ ಅಂದರೂ ಇದೇ ನಿಯಮ, ದೂರ ಇನ್ನೊಂದಿಷ್ಟು ಜಾಸ್ತಿ ಆದರೂ ಪರವಾಗಿಲ್ಲ. ಎರಡು ಇಲ್ಲ ಅಂದರೆ ನಾಲ್ಕಾಗಲಿ ಐದಾಗಲಿ, ನಿಂತಲ್ಲೇ ನಿಲ್ಲಿಸಿ. ಅಕ್ಕಪಕ್ಕದ ಎರಡು ಹೋಗಿದ್ದರಂತೂ ಚಕ್ರದ ಅರ್ಧ ಭಾಗವೇ ಸಡಿಲ ಅಂತ ತಿಳಿಯಿರಿ.

ದಾರಿಯಲ್ಲಿ ಎರಡು ಮೂರು ಕಿಲೋಮೀಟರಿಗೊಮ್ಮೆ ಇಳಿದು ನಟ್‌ಗಳಿಗೆ ಸ್ಪ್ಯಾನರ್ ಹಾಕಿ ನೋಡಿ. ಒಂದು ಚೂರು ತಿರುಗಿದರೂ ಪ್ರಯಾಣ ಅಲ್ಲಿಗೆ ಮುಗಿಯಿತು. ಟೋಯಿಂಗ್ ಗಾಡಿ ಕರೆಸಿ.

ಉಳಿದ ನಟ್ ಗಟ್ಟಿ ಇದೆಯಾ ಅಂತ ನೋಡುವುದು ಹೇಗೆ?

ಗಾಡಿಯನ್ನು ಸಮತಟ್ಟಾದ ಜಾಗಕ್ಕೆ ತನ್ನಿ. ಹ್ಯಾಂಡ್ ಬ್ರೇಕ್ ಎಳೆಯಿರಿ, ಗೇರ್‌ನಲ್ಲಿ ಬಿಡಿ, ಇನ್ನೊಂದು ಚಕ್ರಕ್ಕೆ ಕಲ್ಲು ಕೊಡಿ. ವೀಲ್ ಕ್ಯಾಪ್ ಇದ್ದರೆ ತೆಗೆಯಿರಿ. ಎಷ್ಟೋ ಸಲ ಬಿದ್ದ ನಟ್ ಕ್ಯಾಪ್ ಒಳಗೇ ಸಿಗುತ್ತದೆ. ಗಡಗಡ ಸದ್ದು ಬರುತ್ತಿತ್ತು ಅಂದರೆ ಮೊದಲು ಅಲ್ಲೇ ಹುಡುಕಿ.

ಮೊದಲು ಬರಿಗೈಯಲ್ಲಿ ತಿರುಗಿಸಿ. ಬೆರಳಿಗೇ ತಿರುಗಿದರೆ ಆ ನಟ್ ಇದ್ದೂ ಇಲ್ಲದ ಹಾಗೆ. ಆಮೇಲೆ ಸ್ಪ್ಯಾನರ್ ಹಾಕಿ ಬಿಗಿಯುವ ಕಡೆಗೆ ಒತ್ತಿ. ಕಾಲು ಸುತ್ತು ತಿರುಗಿ ಗಟ್ಟಿಯಾಗಿ ನಿಂತರೆ ಸಡಿಲ ಇತ್ತು, ಈಗ ಸರಿಯಾಯಿತು. ಒತ್ತಿದಷ್ಟೂ ತಿರುಗುತ್ತಲೇ ಇದ್ದರೆ, ಬೆಣ್ಣೆಯಲ್ಲಿ ತಿರುಗಿದ ಹಾಗೆ ಅನ್ನಿಸಿದರೆ, ಥ್ರೆಡ್ (ನಟ್ ತಿರುಗಿ ಕೂರುವ ಸುರುಳಿ ಗೆರೆ) ಹೋಗಿದೆ ಅಥವಾ ಸ್ಟಡ್ ಹಿಗ್ಗಿ ಸೋತಿದೆ. ಅದನ್ನೂ ಇಲ್ಲ ಅಂತಲೇ ಲೆಕ್ಕ ಹಾಕಿ. ಈಗ ಎಷ್ಟು ಉಳಿಯಿತು ನೋಡಿ. ಬಹಳ ಸಲ "ಒಂದು ಇಲ್ಲ" ಅಂತ ಶುರುವಾದದ್ದು ಇಲ್ಲಿಗೆ ಬರುವಷ್ಟರಲ್ಲಿ "ಎರಡು ಇಲ್ಲ" ಆಗಿರುತ್ತದೆ.

ಕಣ್ಣಿಗೂ ಕೆಲವು ಗುರುತು ಸಿಗುತ್ತದೆ. ನಟ್ ಬುಡದಿಂದ ಕೆಂಪು ತುಕ್ಕಿನ ಗೆರೆಗಳು ಹೊರಗೆ ಹರಡಿದ್ದರೆ ಚಕ್ರ ಸುಮಾರು ದಿನಗಳಿಂದ ಒಳಗೇ ಅಲುಗಾಡುತ್ತಿದೆ. ರಿಮ್‌ನಲ್ಲಿ ಸ್ಟಡ್ ಹೋಗುವ ತೂತು ದುಂಡಗಿರದೆ ಮೊಟ್ಟೆಯ ಆಕಾರಕ್ಕೆ ಬಂದಿದ್ದರೆ ಆ ರಿಮ್ ಮುಗಿಯಿತು. ಹೊಸ ನಟ್ ಹಾಕಿದರೂ ಅದು ಕೂರುವುದಿಲ್ಲ.

ಓಡಿಸುವಾಗಲೇ ಗೊತ್ತಾಗುತ್ತದಾ?

ಗೊತ್ತಾಗುತ್ತದೆ, ಕಿವಿ ಕೊಟ್ಟರೆ. ನಿಧಾನವಾಗಿ ಹೋಗುವಾಗ, ಅದರಲ್ಲೂ ತಿರುಗಿಸುವಾಗ, ಚಕ್ರದ ಕಡೆಯಿಂದ "ಟಕ್ ಟಕ್" ಅಂತ ತಾಳ ಹಾಕಿದ ಹಾಗೆ ಸದ್ದು ಬರುತ್ತದೆ. ವೇಗಕ್ಕೆ ತಕ್ಕ ಹಾಗೆ ತಾಳವೂ ಬದಲಾಗುತ್ತದೆ. ಮುಂದಿನ ಚಕ್ರ ಆದರೆ ಸ್ಟೀರಿಂಗ್ ಅಲುಗುತ್ತದೆ, ಹಿಂದಿನದಾದರೆ ಸೀಟಿನಲ್ಲಿ ತಿಳಿಯುತ್ತದೆ.

ಇದನ್ನು ವೀಲ್ ಬ್ಯಾಲೆನ್ಸಿಂಗ್ ತೊಂದರೆ ಅಂತ ತಿಳಿದು ಮುಂದೆ ಹೋಗುವವರು ಜಾಸ್ತಿ. ಬ್ಯಾಲೆನ್ಸಿಂಗ್ ತಪ್ಪಿದ್ದರೆ ನಡುಕ ಸಾಮಾನ್ಯವಾಗಿ 80ರ ಆಸುಪಾಸಿನಲ್ಲಿ ಬರುತ್ತದೆ. ನಿಧಾನ ಮಾಡಿದರೆ ಹೋಗುತ್ತದೆ. ಚಕ್ರ ಸಡಿಲವಿದ್ದರೆ 20, 30ರಲ್ಲೂ ಅಲುಗುತ್ತದೆ. ಹೋಗ್ತಾ ಹೋಗ್ತಾ ಜಾಸ್ತಿ ಆಗುತ್ತದೆ. ನಿನ್ನೆ ಇಲ್ಲದ ನಡುಕ ಇವತ್ತು ಬಂದರೆ, ಅದೂ ಮೊನ್ನೆ ಮೊನ್ನೆ ಚಕ್ರ ಬಿಚ್ಚಿ ಹಾಕಿಸಿದ್ದರೆ, ಅಂಗಡಿಗೆ ಹೋಗಿ ನೋಡಿಸೋಣ ಅನ್ನಬೇಡಿ. ಅಲ್ಲೇ ನಿಲ್ಲಿಸಿ.

ನಿಲ್ಲಿಸುವುದು ಹೇಗೆ?

ಜೋರಾಗಿ ಬ್ರೇಕ್ ಒತ್ತಬೇಡಿ, ಸ್ಟೀರಿಂಗ್ ಫಕ್ಕನೆ ತಿರುಗಿಸಬೇಡಿ. ಕಾಲು ತೆಗೆದು ವೇಗ ಇಳಿಯಲು ಬಿಡಿ. ಹಜಾರ್ಡ್ ಲೈಟ್ ಹಾಕಿ, ಎಡಕ್ಕೆ ಬನ್ನಿ. ತ್ರಿಕೋನದ ಫಲಕವನ್ನು ಗಾಡಿಯಿಂದ ಸಾಕಷ್ಟು ಹಿಂದೆ ಇಡಿ. ಬಲಗಡೆಯ ಚಕ್ರವನ್ನು ಹೆದ್ದಾರಿಯ ಅಂಚಿನಲ್ಲಿ ಕೂತು ನೋಡುವ ಸಾಹಸ ಬೇಡವೇ ಬೇಡ. ರಾಷ್ಟ್ರೀಯ ಹೆದ್ದಾರಿಯಾದರೆ 1033ಕ್ಕೆ ಫೋನ್ ಮಾಡಿ. ಬೇರೆಲ್ಲ ಕಡೆ ತುರ್ತಿಗೆ 112 ಇದೆ.

ನಟ್ ತಾನಾಗಿ ಯಾಕೆ ಬಿಚ್ಚಿಕೊಳ್ಳುತ್ತದೆ? ನಾನಂತೂ ಮುಟ್ಟಿಯೇ ಇಲ್ಲ.

ನೀವು ಮುಟ್ಟಿಲ್ಲ, ಬೇರೆ ಯಾರೋ ಮುಟ್ಟಿರುತ್ತಾರೆ. ಪಂಕ್ಚರ್, ಟೈರ್ ಅದಲು ಬದಲು, ಬ್ರೇಕ್ ಕೆಲಸ, ಬಣ್ಣ. ಇವುಗಳಲ್ಲಿ ಒಂದು ಈಚೆಗೆ ನಡೆದಿರುತ್ತದೆ.

ನನಗೆ ಆದದ್ದು ಬಣ್ಣದಿಂದ. ಹಾಸನದಿಂದ ಮಂಗಳೂರಿಗೆ ಹೊರಟಿದ್ದೆ. ಎರಡು ದಿನ ಮೊದಲು ತುಕ್ಕು ಹಿಡಿದ ಕಬ್ಬಿಣದ ರಿಮ್‌ಗಳಿಗೆ ಹೊಸ ಬಣ್ಣ ಹೊಡೆಸಿದ್ದೆ. ಚಕ್ರ ಹಾಕಿದ ಹುಡುಗ ನನ್ನ ಕಣ್ಣೆದುರೇ ಚೆನ್ನಾಗಿ ಬಿಗಿದಿದ್ದ. ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯಲು ಶುರು ಮಾಡುವ ಹೊತ್ತಿಗೆ ಎಡಗಡೆಯ ಮುಂದಿನ ಚಕ್ರದಿಂದ ಟಕ್ ಟಕ್ ಶುರುವಾಯಿತು. ಹಿಂದಿನ ಸೀಟಿನಲ್ಲಿ ಅಮ್ಮ ಇದ್ದರು. "ಏನೋ ಸದ್ದು ಕಣೋ, ನಿಲ್ಲಿಸು" ಅಂದರು. ನಾನು ಕಲ್ಲು ಸಿಕ್ಕಿಕೊಂಡಿರಬೇಕು ಅಂದುಕೊಂಡಿದ್ದೆ. ನಿಲ್ಲಿಸಿ ನೋಡಿದರೆ ಒಂದು ನಟ್ ಇಲ್ಲ, ಇನ್ನೆರಡು ಬೆರಳಿಗೇ ತಿರುಗುತ್ತಿದ್ದವು. ಗಟ್ಟಿಯಾಗಿದ್ದದ್ದು ಒಂದೇ. ಮುಂದೆ ಪೂರ್ತಿ ಇಳಿಜಾರು, ಒಂದು ಕಡೆ ಕಣಿವೆ, ಎದುರಿಗೆ ಲಾರಿಗಳ ಸಾಲು. ಆ ಒಂದೇ ನಟ್ ನನ್ನ ಅಮ್ಮನನ್ನು ಹಿಡಿದುಕೊಂಡಿತ್ತು ಅಂತ ಈಗಲೂ ನೆನಪಾಗುತ್ತದೆ. ಮೂರನ್ನೂ ಬಿಗಿದು, ಅಮ್ಮನನ್ನು ಬಸ್ಸಿಗೆ ಹತ್ತಿಸಿ, ನಡಿಗೆಯ ವೇಗಕ್ಕಿಂತ ಒಂದಿಷ್ಟು ಜಾಸ್ತಿ ಅನ್ನುವ ಹಾಗೆ ಸಕಲೇಶಪುರಕ್ಕೆ ವಾಪಸ್ ಬಂದೆ.

ಅಲ್ಲಿನ ಹಿರಿಯ ಮೆಕ್ಯಾನಿಕ್ ಒಬ್ಬರು ಚಕ್ರ ಬಿಚ್ಚಿ ಉಗುರಿನಿಂದ ಕೆರೆದು ತೋರಿಸಿದರು. ನಟ್ ಕೂರುವ ಗುಂಡಿಯಲ್ಲಿ, ಹಬ್‌ಗೆ ತಾಗುವ ಮುಖದಲ್ಲಿ ಎಲ್ಲ ದಪ್ಪನೆಯ ಬಣ್ಣ. ನಟ್ ಬಿಗಿದದ್ದು ಕಬ್ಬಿಣದ ಮೇಲೆ ಅಲ್ಲ, ಬಣ್ಣದ ಪದರದ ಮೇಲೆ. ಓಡಿದ ಹಾಗೆ ಬಣ್ಣ ಜಜ್ಜಿಹೋಗಿ ತೆಳ್ಳಗಾಯಿತು, ಸ್ಟಡ್‌ನ ಎಳೆತ ಇಲ್ಲವಾಯಿತು. ಅವರು ಅದನ್ನೆಲ್ಲ ಕೆರೆದು, ಒರೆಸಿ, ಮತ್ತೆ ಹಾಕಿಕೊಟ್ಟರು. ಬಣ್ಣ ಹೊಡೆಸುವವರು ಆ ಎರಡು ಜಾಗಕ್ಕೆ ಟೇಪ್ ಹಚ್ಚಿಸಿ. ಇಷ್ಟು ಹೇಳಲು ಮರೆಯಬೇಡಿ.

ಬೇರೆ ಕಾರಣಗಳೂ ಇದೇ ಜಾತಿಯವು. ಹಬ್ ಮತ್ತು ರಿಮ್ ನಡುವೆ ತುಕ್ಕು, ಮಣ್ಣು, ಕರಾವಳಿಯಲ್ಲಾದರೆ ಉಪ್ಪಿನ ಪದರ. ಒಂದು ಕಡೆಯಿಂದ ಸಾಲಾಗಿ ಬಿಗಿದದ್ದು. ಜಾಕಿ ಮೇಲೆ ಇರುವಾಗ ಬಿಗಿದು, ಕೆಳಗಿಳಿಸಿದ ಮೇಲೆ ಮತ್ತೆ ಬಿಗಿಯದೆ ಬಿಟ್ಟದ್ದು.

ಬೇರೆ ಕಾರಿನ ನಟ್ ಹಾಕಿದರೆ ಆಗುತ್ತದಾ? ನೋಡಲು ಒಂದೇ ಥರ ಇದೆ.

ಇಲ್ಲಿ ಜಾಗ್ರತೆ. ಮಾರುತಿ ಸುಜುಕಿ ಕಾರುಗಳ ಸ್ಟಡ್ ಥ್ರೆಡ್ 1.25 ಮಿಲಿಮೀಟರ್ ಅಂತರದ್ದು. ಹ್ಯುಂಡೈ, ಹೋಂಡಾ, ಟೊಯೋಟಾದ ಇನ್ನೋವಾದಂಥ ಕಾರುಗಳದ್ದು 1.5. ದಪ್ಪ ಎರಡೂ 12 ಮಿಲಿಮೀಟರ್. ಅದಕ್ಕೇ ಮೋಸ ಹೋಗುವುದು. ಒಂದರ ನಟ್ ಇನ್ನೊಂದಕ್ಕೆ ಎರಡು ಸುತ್ತು ಹೋಗಿ ಹಿಡಿಯುತ್ತದೆ. ಆಗ "ತುಕ್ಕು ಇರಬೇಕು" ಅಂತ ಸ್ಪ್ಯಾನರ್ ಹಾಕಿ ಒತ್ತಿದರೆ ನಟ್ ಜೊತೆ ಸ್ಟಡ್ ಕೂಡ ಹಾಳು. ಹೋದದ್ದು ಒಂದು ನಟ್, ಈಗ ಸ್ಟಡ್ ಕೆಲಸವೂ ಮೈಮೇಲೆ ಬಂತು.

ಬುಡದ ಆಕಾರವೂ ಸರಿಹೊಂದಬೇಕು. ಕೆಲವು ನಟ್‌ಗಳ ಬುಡ ಬುಗುರಿಯ ಹಾಗೆ ಓರೆಯಾಗಿ ಮೊನಚಾಗಿರುತ್ತದೆ. ಕೆಲವದು ಗೋಲಿಯ ಹಾಗೆ ದುಂಡಗೆ. ಕೆಲವದು ವಾಶರ್ ಜೊತೆ ಚಪ್ಪಟೆ. ರಿಮ್‌ನ ಗುಂಡಿಯೂ ಅದೇ ಆಕಾರದಲ್ಲಿರಬೇಕು. ಹೋಂಡಾ ಕಾರುಗಳಿಗೆ ಕಂಪನಿಯಿಂದ ಬರುವುದು ದುಂಡು ಬುಡದ ನಟ್. ಹೊರಗಿನ ಅಲಾಯ್ (ಮಿಶ್ರಲೋಹದ ರಿಮ್) ಹಾಕಿಸಿದಾಗ ಅದರ ಗುಂಡಿ ಸಾಮಾನ್ಯವಾಗಿ ಓರೆ. ಹಳೆಯ ನಟ್‌ಗಳನ್ನೇ ಬಿಗಿದರೆ ಪೂರ್ತಿ ಮುಖ ತಾಗದೆ ಒಂದು ಸಣ್ಣ ಉಂಗುರದಷ್ಟೇ ತಾಗುತ್ತದೆ. ಬಿಗಿದಾಗ ಗಟ್ಟಿ ಅನ್ನಿಸುತ್ತದೆ, ಮೂರು ದಿನದಲ್ಲಿ ಸಡಿಲ. ಹೊಸ ಅಲಾಯ್ ಕೊಳ್ಳುವಾಗ ಅದಕ್ಕೆ ಹೊಂದುವ ನಟ್ ಸೆಟ್ಟನ್ನೂ ಅಲ್ಲೇ ಕೇಳಿ ತೆಗೆದುಕೊಳ್ಳಿ. ಬೆಂಗಳೂರಿನಲ್ಲಾದರೆ ಜೆ.ಸಿ. ರಸ್ತೆಯಲ್ಲಿ ಎಲ್ಲ ಥರದ್ದೂ ಸಿಗುತ್ತದೆ. ಹಳೆಯ ನಟ್ ಒಂದನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ ತೋರಿಸಿ.

ಯಾವ ನಟ್ ಆದರೂ ಮೊದಲ ನಾಲ್ಕೈದು ಸುತ್ತು ಬೆರಳಿನಲ್ಲೇ ಹೋಗಬೇಕು. ಪೂರ್ತಿ ಕೂರುವ ಹೊತ್ತಿಗೆ ಕಡಿಮೆ ಅಂದರೂ ಎಂಟು ಸುತ್ತು ಹೋಗಿರಬೇಕು, ಮಾರುತಿಯಲ್ಲಿ ಒಂದೆರಡು ಜಾಸ್ತಿ. ಮೂರು ಸುತ್ತಿಗೇ ಗಟ್ಟಿಯಾದರೆ ಅದು ಬಿಗಿ ಅಲ್ಲ.

ಬೇರೆ ಚಕ್ರದಿಂದ ಒಂದು ನಟ್ ತೆಗೆದು ಹಾಕಬಹುದಾ?

ಸ್ಟಡ್ ಚೆನ್ನಾಗಿದ್ದು ನಟ್ ಮಾತ್ರ ಹೋಗಿದ್ದರೆ ಇದು ಒಳ್ಳೆಯ ಉಪಾಯ. ಒಂದು ಚಕ್ರದಲ್ಲಿ ಎರಡೋ ಮೂರೋ ನಟ್ ಇಲ್ಲ ಅನ್ನುವಾಗಂತೂ ಇದೇ ದಾರಿ. ಬೇರೆ ಮೂರು ಚಕ್ರಗಳಿಂದ ಒಂದೊಂದೇ ತೆಗೆಯಿರಿ, ಒಂದೇ ಚಕ್ರದಿಂದ ಎರಡು ಬೇಡ. ಕದ್ದವರು ನಾಲ್ಕೂ ಬಿಚ್ಚಿಕೊಂಡು ಹೋಗಿದ್ದರೂ ಹೀಗೆ ಎಲ್ಲ ಚಕ್ರಕ್ಕೂ ಮೂರು ಮೂರು ಮಾಡಿಕೊಂಡು ಹತ್ತಿರದ ಅಂಗಡಿ ಸೇರಬಹುದು. ವೇಗ, ದೂರದ ಮಾತು ಮೊದಲು ಹೇಳಿದ್ದೇ. ಈಗ ನಾಲ್ಕು ಚಕ್ರಗಳೂ ಅದೇ ಸ್ಥಿತಿಯಲ್ಲಿವೆ ಅನ್ನುವುದು ನೆನಪಿರಲಿ.

ಒಂದೇ ನಟ್ ಹೋಗಿದ್ದರೆ ತೆಗೆದು ಹಾಕುವ ಗೋಜು ಬೇಡ. ಹಿಂದಿನ ಚಕ್ರದ್ದು ಮುಂದಕ್ಕೆ ಹಾಕಿ ಅನ್ನುವವರಿದ್ದಾರೆ. ಘಾಟಿಯಲ್ಲಿ ಸಿಕ್ಕಿಕೊಂಡು ಇಳಿಯಲೇಬೇಕಾದವರಿಗೆ ಆ ಮಾತು ಒಪ್ಪುತ್ತೇನೆ, ಬ್ರೇಕಿನ ಹೊರೆ ಮುಂದಿನ ಚಕ್ರಗಳಿಗೇ ಜಾಸ್ತಿ.

ನಟ್ ಅಲ್ಲ, ಸ್ಟಡ್ ತುಂಡಾಗಿದೆ. ಎಷ್ಟು ದೊಡ್ಡ ಕೆಲಸ?

ಸ್ಟಡ್ ಹಬ್‌ನ ಹಿಂದಿನಿಂದ ಒತ್ತಿ ಕೂರಿಸಿದ್ದು. ಅದರ ಕುತ್ತಿಗೆಯಲ್ಲಿ ಸಣ್ಣ ಸಣ್ಣ ಗೆರೆಹಲ್ಲುಗಳಿರುತ್ತವೆ, ಅವೇ ಅದನ್ನು ತಿರುಗದ ಹಾಗೆ ಹಿಡಿದಿರುವುದು. ಬದಲಾಯಿಸಲು ಚಕ್ರ ತೆಗೆದು, ಬ್ರೇಕ್ ಕ್ಯಾಲಿಪರ್ ಮತ್ತು ಡಿಸ್ಕ್ ಅಥವಾ ಡ್ರಮ್ ತೆಗೆದು, ಹಳೆಯದನ್ನು ಹಿಂದಕ್ಕೆ ತಳ್ಳಿ, ಹೊಸದನ್ನು ಎಳೆದು ಕೂರಿಸಬೇಕು. ಕೆಲವು ಕಾರುಗಳಲ್ಲಿ ಹಿಂದೆ ಜಾಗ ಸಾಲುವುದಿಲ್ಲ. ಹಬ್ಬನ್ನೇ ಬಿಚ್ಚಬೇಕಾಗುತ್ತದೆ, ಆಗ ಬೇರಿಂಗ್ ಕೆಲಸವೂ ಸೇರಿ ಖರ್ಚು ಏರುತ್ತದೆ. ಕೆಲಸ ಕೊಡುವ ಮೊದಲೇ "ಹಬ್ ಬಿಚ್ಚಬೇಕಾ?" ಅಂತ ಕೇಳಿ.

ಸುತ್ತಿಗೆಯಲ್ಲಿ ರಪರಪ ಹೊಡೆದು ತೆಗೆಯುವುದು ಎಲ್ಲ ಕಡೆ ನಡೆಯುತ್ತದೆ. ಆ ಪೆಟ್ಟೆಲ್ಲ ಹೋಗಿ ಬೀಳುವುದು ಬೇರಿಂಗ್ ಮೇಲೆ. ಒತ್ತಿ ತೆಗೆಯುವ ಪುಲ್ಲರ್ ಇರುವ ಮೆಕ್ಯಾನಿಕ್ ಸಿಕ್ಕರೆ ಅಲ್ಲಿಗೇ ಹೋಗಿ.

ಇನ್ನೊಂದು ಮುಖ್ಯವಾದದ್ದು. ತುಂಡಾದ ಜಾಗವನ್ನು ನೋಡಿ. ಒಂದು ಭಾಗ ನುಣ್ಣಗೆ, ನೀರಿನ ಅಲೆ ಒಣಗಿದ ಹಾಗೆ ಬಾಗಿದ ಗೆರೆಗಳು, ಉಳಿದದ್ದು ಒರಟು ಅಂತಿದ್ದರೆ ಅದು ದಿನಗಟ್ಟಲೆ ಬಾಗಿ ಬಾಗಿ ಸೋತು ಮುರಿದದ್ದು. ಪಕ್ಕದವೂ ಅಷ್ಟೇ ಸೋತಿರುತ್ತವೆ. ಒಂದು ಮುರಿದಿದ್ದರೆ ಅದರ ಜೊತೆ ಅಕ್ಕಪಕ್ಕದ ಎರಡನ್ನೂ ಬದಲಾಯಿಸಿ. ಎರಡು ಮುರಿದಿದ್ದರೆ ಆ ಚಕ್ರದ ಎಲ್ಲವನ್ನೂ ಬದಲಾಯಿಸಿ. ಲಾರಿ, ಬಸ್ಸುಗಳ ಕೆಲಸ ಬಲ್ಲವರು ಪಾಲಿಸುವ ನಿಯಮ ಇದು. ನಾಲ್ಕು ನಟ್‌ನ ಕಾರಿನಲ್ಲಿ ನಾನು ಮೂರರ ಬದಲು ನಾಲ್ಕೂ ಹಾಕಿಸುತ್ತೇನೆ. ಹೇಗೂ ಬಿಚ್ಚಿದ್ದಾಗಿದೆ.

ವೆಲ್ಡಿಂಗ್ ಮಾಡಿಸಿದರೆ ಕಡಿಮೆಯಲ್ಲಿ ಆಗುತ್ತದೆ ಅಂತಾರೆ.

ಬೇಡ. ಸ್ಟಡ್ ಹದ ಕೊಟ್ಟ ಉಕ್ಕು. ವೆಲ್ಡಿಂಗ್‌ನ ಕಾವು ತಾಗಿದರೆ ಆ ಹದ ಹೋಗುತ್ತದೆ. ಮೇಲೆ ಗಟ್ಟಿಯಾಗಿ ಕಾಣುತ್ತದೆ, ಬೆಸುಗೆಯ ಪಕ್ಕದಲ್ಲೇ ಬಿರುಕು ಬಿಡುತ್ತದೆ. ಹಾರ್ಡ್‌ವೇರ್ ಅಂಗಡಿಯ ಬೋಲ್ಟ್ ಹಾಕುವುದೂ ಅಷ್ಟೇ ತಪ್ಪು.

ನಮ್ಮದು ಪೋಲೋ. ಅದಕ್ಕೆ ನಟ್ ಇಲ್ಲ, ಬೋಲ್ಟ್ ಇದೆ.

ಫೋಕ್ಸ್‌ವ್ಯಾಗನ್, ಸ್ಕೋಡಾದಂಥ ಕಾರುಗಳಲ್ಲಿ ಸ್ಟಡ್ ಇರುವುದಿಲ್ಲ. ಬೋಲ್ಟ್ ನೇರವಾಗಿ ಹಬ್‌ನ ತೂತಿಗೆ ಹೋಗುತ್ತದೆ. ಬೋಲ್ಟ್ ಕೆಟ್ಟರೆ ಹೊಸದು ಹಾಕಿದರಾಯಿತು, ಸುಲಭ. ಆದರೆ ಹಬ್ ಒಳಗಿನ ಥ್ರೆಡ್ ಹೋದರೆ ಹಬ್ ರಿಪೇರಿಯೋ ಬದಲಾವಣೆಯೋ ಆಗಬೇಕು. ಅದಕ್ಕೇ ಈ ಕಾರುಗಳಲ್ಲಿ ಬೆರಳಿನಲ್ಲಿ ಶುರು ಮಾಡುವ ನಿಯಮವನ್ನು ಬಿಡಲೇಬಾರದು.

ಎಷ್ಟು ಬಿಗಿಯಬೇಕು? ಜಾಸ್ತಿ ಬಿಗಿದರೆ ಒಳ್ಳೆಯದಲ್ಲವಾ?

ಅಲ್ಲ. ಸ್ಟಡ್ ಮುರಿಯುವುದಕ್ಕೆ ಸಡಿಲ ಎಷ್ಟು ಕಾರಣವೋ ಅತಿ ಬಿಗಿಯೂ ಅಷ್ಟೇ ಕಾರಣ. ಇನ್ನೋವಾಗೆ ಹೇಳಿರುವುದು 103 ನ್ಯೂಟನ್ ಮೀಟರ್, ಪೋಲೋಗೆ 120. ಕೆಲವು ಸಣ್ಣ ಕಾರುಗಳಿಗೆ ಇನ್ನೂ ಕಡಿಮೆ ಇರುತ್ತದೆ. ನಿಮ್ಮ ಕಾರಿನದು ಕೈಪಿಡಿಯಲ್ಲಿದೆ, ಅದೇ ಸರಿ.

ಇದನ್ನು ಕೈಲೆಕ್ಕಕ್ಕೆ ತರುವುದಾದರೆ, ಕಾರಿನ ಜೊತೆ ಬರುವ ಸ್ಪ್ಯಾನರ್ ಸುಮಾರು 30 ಸೆಂಟಿಮೀಟರ್ ಉದ್ದ ಅಂದುಕೊಳ್ಳಿ. ಅದರ ತುದಿಯನ್ನು 34 ಕಿಲೋ ಭಾರದಷ್ಟು ಒತ್ತಿದರೆ 100 ನ್ಯೂಟನ್ ಮೀಟರ್ ಬರುತ್ತದೆ. 70 ಕಿಲೋ ತೂಗುವವರು ಸ್ಪ್ಯಾನರ್ ಮೇಲೆ ಹತ್ತಿ ನಿಂತರೆ 200 ದಾಟುತ್ತದೆ. ಹತ್ತಿ ಕುಣಿದರೆ ಇನ್ನೆಷ್ಟಾಗಬಹುದು! ಪಂಕ್ಚರ್ ಅಂಗಡಿಗಳಲ್ಲಿ ಕಾಲಿನಿಂದ ಒದ್ದು ಬಿಗಿಯುವುದನ್ನು ದಿನಾ ನೋಡುತ್ತೇವೆ. ಆ ಹುಡುಗರು ನಮ್ಮ ಒಳ್ಳೆಯದಕ್ಕೇ ಹಾಗೆ ಮಾಡುತ್ತಾರೆ. "ಸಾಕು ತಮ್ಮಾ, ಕೈಯಲ್ಲೇ ಬಿಗಿ" ಅಂತ ಪ್ರೀತಿಯಿಂದ ಹೇಳಿದರೆ ಕೇಳುತ್ತಾರೆ. ಏರ್ ಗನ್ ಇದ್ದರೆ ಅದನ್ನು ಬಿಚ್ಚಲು ಬಳಸಲಿ. ಕೊನೆಯ ಬಿಗಿ, ಬಿಗಿಯ ಅಳತೆ (ಟಾರ್ಕ್) ತೋರಿಸುವ ಟಾರ್ಕ್ ರೆಂಚ್‌ನಲ್ಲೋ ಕೈ ಸ್ಪ್ಯಾನರ್‌ನಲ್ಲೋ ಆಗಲಿ.

ಕ್ರಮ ಹೀಗೆ: ಒಂದು ನಟ್, ಆಮೇಲೆ ಅದರ ಎದುರಿನದು. ಐದು ಇದ್ದರೆ ನಕ್ಷತ್ರ ಬಿಡಿಸಿದ ಹಾಗೆ ಒಂದು ಬಿಟ್ಟು ಒಂದು. ಮೊದಲ ಸುತ್ತು ಅರ್ಧ ಬಿಗಿ, ಗಾಡಿ ಕೆಳಗಿಳಿಸಿದ ಮೇಲೆ ಪೂರ್ತಿ ಬಿಗಿ. 50ರಿಂದ 100 ಕಿಲೋಮೀಟರ್ ಓಡಿಸಿದ ಮೇಲೆ ಇನ್ನೊಮ್ಮೆ ಸ್ಪ್ಯಾನರ್ ಹಾಕಿ ನೋಡಿ. ಶಿರಾಡಿಯ ದಿನದಿಂದ ನಾನು ಈ ಕೊನೆಯ ಕೆಲಸವನ್ನು ಒಮ್ಮೆಯೂ ತಪ್ಪಿಸಿಲ್ಲ.

ತುಕ್ಕು ಹಿಡಿಯದಿರಲಿ ಅಂತ ಸ್ಟಡ್‌ಗೆ ಆಯಿಲ್, ಗ್ರೀಸ್ ಹಚ್ಚಬಹುದಾ?

ಕೈಪಿಡಿ ಹೇಳದಿದ್ದರೆ ಬೇಡ. ಹೇಳಿದ ಟಾರ್ಕ್ ಒಣ ಥ್ರೆಡ್‌ಗೆ. ಗ್ರೀಸ್ ಇದ್ದರೆ ಅದೇ ಟಾರ್ಕ್‌ಗೆ ಸ್ಟಡ್ ಜಾಸ್ತಿ ಎಳೆತಕ್ಕೆ ಸಿಕ್ಕುತ್ತದೆ. ವೈರ್ ಬ್ರಷ್‌ನಲ್ಲಿ ಉಜ್ಜಿ ಬಟ್ಟೆಯಲ್ಲಿ ಒರೆಸಿ, ಸಾಕು.

ಎಡಗಡೆ ಚಕ್ರದ ನಟ್ ಉಲ್ಟಾ ತಿರುಗುತ್ತದೆ ಅಂತಾರಲ್ಲ?

ಈಗಿನ ಕಾರುಗಳಲ್ಲಿ ಇಲ್ಲ, ಎರಡೂ ಕಡೆ ಒಂದೇ. ಹಳೆಯ ವಿಲ್ಲಿಸ್ ಜೀಪುಗಳಲ್ಲಿ, ಕೆಲವು ಹಳೆಯ ಲಾರಿಗಳಲ್ಲಿ ಎಡಗಡೆಗೆ ಎಡ ಥ್ರೆಡ್ ಇರುತ್ತಿತ್ತು. ಮಲೆನಾಡಿನ ತೋಟಗಳಲ್ಲಿ ಇನ್ನೂ ಹಳೆಯ ಜೀಪು ಇಟ್ಟುಕೊಂಡವರು ಬಿಚ್ಚುವ ಮೊದಲು ಇದನ್ನು ನೋಡಿಕೊಳ್ಳಿ. ಬಿಚ್ಚುತ್ತಿದ್ದೇನೆ ಅಂತ ಬಿಗಿದು ಬಿಗಿದು ಸ್ಟಡ್ ಮುರಿದುಕೊಳ್ಳುವುದು ಸುಲಭ.

ಬಸ್ಸು, ಲಾರಿ ಚಕ್ರದ ನಟ್‌ಗಳ ಮೇಲೆ ಹಳದಿ ಬಾಣದಂಥ ಪ್ಲಾಸ್ಟಿಕ್ ಇರುತ್ತದಲ್ಲ, ಅದೇನು?

ನಟ್ ಸಡಿಲವಾದರೆ ತೋರಿಸುವ ಗುರುತು. ಎಲ್ಲ ಬಾಣಗಳನ್ನೂ ಒಂದು ಕ್ರಮದಲ್ಲಿ ನಿಲ್ಲಿಸಿರುತ್ತಾರೆ. ಯಾವುದಾದರೂ ಬೇರೆ ಕಡೆ ಮುಖ ಮಾಡಿದ್ದರೆ ಆ ನಟ್ ತಿರುಗಿದೆ ಅಂತ ದೂರದಿಂದಲೇ ಗೊತ್ತಾಗುತ್ತದೆ. ಕಾರಿಗೆ ಇದನ್ನೇ ಪೇಂಟ್ ಪೆನ್‌ನಲ್ಲಿ ಮಾಡಬಹುದು. ಸರಿಯಾಗಿ ಬಿಗಿದ ಮೇಲೆ ನಟ್‌ನಿಂದ ರಿಮ್‌ಗೆ ಒಂದು ಗೆರೆ ಎಳೆಯಿರಿ. ಗೆರೆ ಮುರಿದಿದ್ದರೆ ನಟ್ ತಿರುಗಿದೆ.

ಪೊಲೀಸರು ಹಿಡಿಯುತ್ತಾರಾ? ಇನ್ಶೂರೆನ್ಸ್ ಕಥೆ ಏನು?

ನಟ್ ಎಣಿಸಲು ಯಾರೂ ನಿಲ್ಲಿಸುವುದಿಲ್ಲ. ಆದರೆ 1988ರ ಮೋಟಾರು ವಾಹನ ಕಾಯ್ದೆಯ 190ನೇ ಕಲಮು ಇದೆ. ಬೇರೆಯವರಿಗೆ ಅಪಾಯ ತರುವಂಥ ದೋಷ ಇದೆ ಅಂತ ಗೊತ್ತಿದ್ದೂ, ಅಥವಾ ಸ್ವಲ್ಪ ಗಮನ ಕೊಟ್ಟಿದ್ದರೆ ಗೊತ್ತಾಗುವಂತಿದ್ದೂ, ಗಾಡಿಯನ್ನು ರಸ್ತೆಗೆ ತಂದರೆ ಅದು ಅಪರಾಧ. ಅದರಿಂದ ಅಪಘಾತವಾಗಿ ಯಾರಿಗಾದರೂ ಪೆಟ್ಟಾದರೆ ಜೈಲು ಶಿಕ್ಷೆಗೂ ಅವಕಾಶ ಇದೆ. ಇನ್ಶೂರೆನ್ಸ್‌ನಲ್ಲಿ ಸವೆತ, ಯಂತ್ರದ ಕೆಡುಕಿಗೆ ಹಣ ಬರುವುದಿಲ್ಲ. ಸ್ಟಡ್ ಕೆಲಸ ನಿಮ್ಮ ಖರ್ಚೇ. ಪಾಲಿಸಿಯಲ್ಲಿ ರಸ್ತೆ ಬದಿಯ ನೆರವು ಸೇರಿದ್ದರೆ ಟೋಯಿಂಗ್‌ಗೆ ಅದನ್ನು ಬಳಸಿಕೊಳ್ಳಿ.

ನನ್ನನ್ನು ಕಾಡುವುದು ದಂಡ ಅಲ್ಲ. ಕಳಚಿದ ಚಕ್ರ ನಮ್ಮ ಕಾರಿನ ಜೊತೆ ನಿಲ್ಲುವುದಿಲ್ಲ. ಅದೇ ವೇಗದಲ್ಲಿ ಉರುಳುತ್ತಾ ಎದುರಿನ ಬೈಕಿನ ಕಡೆಗೋ, ಬಸ್ ಸ್ಟಾಪಿನಲ್ಲಿ ನಿಂತ ಮಕ್ಕಳ ಕಡೆಗೋ ಹೋಗುತ್ತದೆ.

ಡಿಕ್ಕಿಯಲ್ಲಿ ಏನು ಇಟ್ಟುಕೊಳ್ಳಲಿ?

ನಿಮ್ಮ ಕಾರಿನದೇ ಎರಡು ನಟ್, ಕ್ರಾಸ್ ಸ್ಪ್ಯಾನರ್, ವೈರ್ ಬ್ರಷ್, ಹಳೆಯ ಬಟ್ಟೆ, ಟಾರ್ಚ್. ಅಲಾಯ್‌ಗೆ ಲಾಕ್ ನಟ್ ಹಾಕಿಸಿದ್ದರೆ ಅದರ ಕೀಲಿ ಸ್ಟೆಪ್ನಿ ಜೊತೆಗೇ ಇರಲಿ, ಮನೆಯ ಬೀರುವಿನಲ್ಲಿ ಬೇಡ. ಅಲಾಯ್ ಹಾಕಿಸಿ ಸ್ಟೆಪ್ನಿ ಮಾತ್ರ ಕಬ್ಬಿಣದ್ದು ಉಳಿದಿದ್ದರೆ, ಅಲಾಯ್‌ನ ನಟ್ ಆ ರಿಮ್‌ಗೆ ಕೂರುತ್ತದಾ ಅಂತ ಒಂದು ಭಾನುವಾರ ಮನೆ ಮುಂದೆಯೇ ಹಾಕಿ ನೋಡಿ. ಕೂರದಿದ್ದರೆ ಹಳೆಯ ನಾಲ್ಕು ನಟ್‌ಗಳನ್ನು ಒಂದು ಚೀಲಕ್ಕೆ ಹಾಕಿ ಸ್ಟೆಪ್ನಿಯ ಒಳಗೇ ಕಟ್ಟಿಡಿ.